ನಾಯಿಯ ಜಠರ ತಿರುಚಿಕೊಂಡಾಗ: ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆ

ನಾಯಿಗಳ ಹೊಟ್ಟೆಯುಬ್ಬರ ಹಾಗೂ ಅದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯ ಕುರಿತು ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಪಶುವೈದ್ಯರು ಇಲ್ಲಿ ಉತ್ತರಿಸಿದ್ದಾರೆ. ಒಂದೇ ಅರ್ಥದ ಪತ್ರಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯ ಆರು ವರ್ಷದ ಜರ್ಮನ್ ಶೆಫರ್ಡ್ ರಾತ್ರಿ ಊಟವಾದ ಸ್ವಲ್ಪ ಹೊತ್ತಿಗೆ ಚಡಪಡಿಸತೊಡಗಿತು. ಮತ್ತೆ ಮತ್ತೆ ಓಕರಿಸಿದರೂ ನೊರೆ ನೊರೆಯಾದ ಜೊಲ್ಲಿನ ಹೊರತು ಏನೂ ಬರುತ್ತಿರಲಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಆಸ್ಪತ್ರೆಯಲ್ಲಿ ವೈದ್ಯರು ದಪ್ಪ ಸೂಜಿ ಚುಚ್ಚಿ ಗಾಳಿ ತೆಗೆದ ಮೇಲೆ ಅದು ಎದ್ದು ನಿಂತು ಬಾಲ ಅಲ್ಲಾಡಿಸಿತು. ಆದರೂ ಆ ರಾತ್ರಿಯೇ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ಹೇಳಿ ಮಾಡಿದರು. ನಾಯಿ ಈಗ ಚೆನ್ನಾಗಿದೆ. ಗಾಳಿ ಹೋದ ಮೇಲೆ ಬೆಳಗಿನವರೆಗಾದರೂ ಕಾದು ನೋಡಬಹುದಿತ್ತು ಎಂದು ಮನೆಯವರು ಈಗಲೂ ವಾದಿಸುತ್ತಾರೆ. ಅವರ ಮಾತು ಸರಿಯೇ?

ಉತ್ತರ: ಸರಿಯಲ್ಲ. ಈ ಕಾಯಿಲೆಯಲ್ಲಿ ಗಾಳಿ ಹೊರಹೋಗುವುದಕ್ಕೂ ಜಠರ ತನ್ನ ಸ್ಥಾನಕ್ಕೆ ಮರಳುವುದಕ್ಕೂ ಸಂಬಂಧವಿಲ್ಲ, ಮತ್ತು ನಾನು ಕಂಡಂತೆ ನಾಯಿ ಸಾಕಿದವರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಸೂಜಿ ಚುಚ್ಚಿದ ಮೇಲೆ ಕಾಣುವ ಆ ತಾತ್ಕಾಲಿಕ ಗೆಲುವೇ.

ಹೊಟ್ಟೆಯುಬ್ಬರದಲ್ಲಿ ಎರಡು ಬಗೆ ಇದೆ. ಮೊದಲನೆಯದರಲ್ಲಿ ಜಠರವು ಗಾಳಿಯಿಂದಲೋ ಆಹಾರದಿಂದಲೋ ಹಿಗ್ಗುತ್ತದೆ, ಆದರೆ ತನ್ನ ಜಾಗದಲ್ಲಿಯೇ ಇರುತ್ತದೆ. ಎರಡನೆಯದರಲ್ಲಿ ಹಿಗ್ಗಿದ ಜಠರ ತನ್ನ ಅಕ್ಷದ ಸುತ್ತ ತಿರುಗಿಬಿಡುತ್ತದೆ. ನಾಯಿಯನ್ನು ಅಂಗಾತ ಮಲಗಿಸಿ ನೋಡಿದರೆ ಈ ತಿರುವು ಬಹುಪಾಲು ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿರುತ್ತದೆ. ಸಾಮಾನ್ಯವಾಗಿ 180ರಿಂದ 270 ಡಿಗ್ರಿಯಷ್ಟು, ಕೆಲವೊಮ್ಮೆ ಪೂರ್ತಿ ಒಂದು ಸುತ್ತು. ಆಗ ಮೇಲ್ಗಡೆ ಅನ್ನನಾಳವೂ ಕೆಳಗಡೆ ಸಣ್ಣಕರುಳಿನ ದ್ವಾರವೂ ಹಿಂಡಿಕೊಂಡು ಮುಚ್ಚುತ್ತವೆ. ಒಳಗಿರುವುದು ತೇಗಾಗಿಯೂ ಬಾರದು, ವಾಂತಿಯಾಗಿಯೂ ಬಾರದು, ಕರುಳಿಗೂ ಇಳಿಯದು. ನಿಮ್ಮ ನಾಯಿ ಓಕರಿಸಿದರೂ ಏನೂ ಹೊರಬಾರದಿದ್ದುದು ಈ ಕಾರಣಕ್ಕೆ.

ಆದರೆ ಪ್ರಾಣಕ್ಕೆ ಎರವಾಗುವುದು ದ್ವಾರಗಳು ಮುಚ್ಚಿದ್ದರಿಂದಲ್ಲ. ಹಿಗ್ಗಿದ ಜಠರವು ದೇಹದ ಹಿಂಭಾಗದಿಂದ ಹೃದಯಕ್ಕೆ ರಕ್ತವನ್ನು ಮರಳಿಸುವ ದೊಡ್ಡ ರಕ್ತನಾಳವನ್ನು ಒತ್ತಿ ಹಿಡಿಯುತ್ತದೆ. ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾದಾಗ ಅದು ಹೊರಗೆ ತಳ್ಳುವ ರಕ್ತವೂ ಕಡಿಮೆಯಾಗಿ, ರಕ್ತದೊತ್ತಡ ಕುಸಿದು, ಒಸಡು ಬಿಳಿಚಿಕೊಂಡು, ನಾಯಿ ಆಘಾತದ ಸ್ಥಿತಿಗೆ ಜಾರುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರವಾದ ವಪೆಯ ಮೇಲೆ ಬೀಳುವ ಒತ್ತಡದಿಂದ ಉಸಿರಾಟವೂ ಕಷ್ಟವಾಗುತ್ತದೆ. ಇದರ ಜೊತೆಗೆ ತಿರುಚಿದ ಭಾಗದಲ್ಲಿ ಜಠರದ ಗೋಡೆಗೆ ರಕ್ತ ಪೂರೈಸುವ ಸಣ್ಣ ನಾಳಗಳು ಹರಿಯುತ್ತವೆ ಅಥವಾ ಹೆಪ್ಪುಗಟ್ಟುತ್ತವೆ, ಮತ್ತು ಕೆಲವೇ ಗಂಟೆಗಳಲ್ಲಿ ಆ ಗೋಡೆ ಸಾಯತೊಡಗುತ್ತದೆ.

ಸೂಜಿಯಿಂದಲೋ ಬಾಯಿಯ ಮೂಲಕ ಜಠರಕ್ಕೆ ಇಳಿಸುವ ಕೊಳವೆಯಿಂದಲೋ ಗಾಳಿ ತೆಗೆದಾಗ ಆ ದೊಡ್ಡ ರಕ್ತನಾಳದ ಮೇಲಿನ ಒತ್ತಡ ಇಳಿಯುತ್ತದೆ. ಜೊತೆಗೆ ಮುಂಗಾಲಿನ ನಾಳಗಳಲ್ಲಿ ದಪ್ಪ ಸೂಜಿಯಿಟ್ಟು ವೇಗವಾಗಿ ಡ್ರಿಪ್ ಕೊಟ್ಟಿರುತ್ತಾರೆ. (ಹಿಂಗಾಲಿಗೆ ಕೊಟ್ಟರೆ ದ್ರವ ಹೃದಯವನ್ನು ತಲುಪುವ ದಾರಿಯೇ ಅಡಚಿರುತ್ತದೆ.) ರಕ್ತದೊತ್ತಡ ಚೇತರಿಸಿ ನಾಯಿ ಬಾಲ ಅಲ್ಲಾಡಿಸಿದ್ದು ಇದರ ಫಲ. ತಿರುಚು ಮಾತ್ರ ಹಾಗೆಯೇ ಇತ್ತು, ಮತ್ತು ಗೋಡೆಗೆ ಹೋಗುವ ರಕ್ತ ಕಡಿತಗೊಂಡೇ ಇತ್ತು. ಬೆಳಗಾಗುವುದರೊಳಗೆ ಗಾಳಿ ಮತ್ತೆ ತುಂಬುವುದು ಹೆಚ್ಚುಕಡಿಮೆ ಖಚಿತ. ಅಷ್ಟರಲ್ಲಿ ಸತ್ತ ಗೋಡೆ ಒಡೆದು ಒಳಗಿನದು ಹೊಟ್ಟೆಯೊಳಗೆಲ್ಲ ಸುರಿದಿದ್ದರೆ ಬದುಕಿಸುವುದು ಬಹಳ ಕಷ್ಟವಾಗುತ್ತಿತ್ತು. ಕೊಳವೆ ಜಠರದೊಳಕ್ಕೆ ಸಲೀಸಾಗಿ ಇಳಿಯಿತು ಎಂಬ ಕಾರಣಕ್ಕೆ ತಿರುಚಿಲ್ಲವೆಂದು ನಿರ್ಧರಿಸಲೂ ಆಗುವುದಿಲ್ಲ. ಅದನ್ನು ಹೇಳುವುದು ಬಲಮಗ್ಗುಲಲ್ಲಿ ಮಲಗಿಸಿ ತೆಗೆದ ಎಕ್ಸ್‌ರೇ ಮಾತ್ರ. ಅದರಲ್ಲಿ ಜಠರ ನಡುವೆ ಒಂದು ಮಡಿಕೆಯಿಂದ ಭಾಗವಾಗಿ ಎರಡು ಗಾಳಿಚೀಲಗಳಂತೆ ಕಾಣುತ್ತದೆ.

ಇದೇ ಪ್ರಶ್ನೆಯ ಜೊತೆಗೆ ಇಬ್ಬರು, ದನಗಳ ಹೊಟ್ಟೆಯುಬ್ಬರಕ್ಕೆ ಕುಡಿಸುವಂತೆ ನಾಯಿಗೂ ಎಣ್ಣೆ ಕುಡಿಸಬಹುದೇ ಎಂದು ಕೇಳಿದ್ದಾರೆ. ಕೂಡದು. ದನದಲ್ಲಿ ಎಣ್ಣೆಯು ನೊರೆಯನ್ನು ಒಡೆಯುತ್ತದೆ. ಇಲ್ಲಿ ಅನ್ನನಾಳವೇ ಮುಚ್ಚಿರುವಾಗ ಕುಡಿಸಿದ್ದು ಶ್ವಾಸಕೋಶ ಸೇರುವ ಸಾಧ್ಯತೆಯೇ ಹೆಚ್ಚು. ಗ್ಯಾಸ್ಟ್ರಿಕ್ ಮಾತ್ರೆಗಳಿಗೂ ಇದೇ ಮಾತು. ಮನೆಯಲ್ಲಿ ಸೂಜಿ ಚುಚ್ಚುವ ಸಾಹಸವಂತೂ ಬೇಡವೇ ಬೇಡ; ಜಠರ ತಿರುಚಿದಾಗ ಅದಕ್ಕೆ ಅಂಟಿಕೊಂಡಿರುವ ಗುಲ್ಮ (ಸ್ಪ್ಲೀನ್) ಎಲ್ಲಿಗೆ ಸರಿದಿದೆಯೆಂದು ಹೊರಗಿನಿಂದ ತಿಳಿಯದು.

ಪ್ರಶ್ನೆ: ಶಸ್ತ್ರಚಿಕಿತ್ಸೆಯಲ್ಲಿ ನಮ್ಮ ನಾಯಿಯ ಜಠರದ ಒಂದು ಭಾಗವನ್ನೂ ಗುಲ್ಮವನ್ನೂ ತೆಗೆದಿದ್ದಾರೆ. ತಿರುಚನ್ನು ಬಿಡಿಸಿದ್ದರೆ ಸಾಲದಿತ್ತೇ? ಇವೆರಡೂ ಇಲ್ಲದೆ ಅದು ಎಷ್ಟು ಕಾಲ ಬದುಕೀತು?

ಉತ್ತರ: ಹೊಟ್ಟೆಯನ್ನು ತೆರೆದಾಗ ಶಸ್ತ್ರವೈದ್ಯರು ಮೊದಲು ಮಾಡುವುದು ತಿರುಚನ್ನು ಬಿಡಿಸುವುದೇ. ಆಮೇಲೆ ಅವರು ಕೆಲವು ನಿಮಿಷ ಕಾಯುತ್ತಾರೆ. ರಕ್ತ ಮರಳಿ ಹರಿದಾಗ ನೇರಳೆ ಬಣ್ಣಕ್ಕೆ ತಿರುಗಿದ್ದ ಗೋಡೆ ಕ್ರಮೇಣ ಕೆಂಪಾದರೆ, ಮುಟ್ಟಿದಾಗ ದಪ್ಪವಾಗಿದ್ದರೆ, ಚಿಕ್ಕ ಗಾಯ ಮಾಡಿದಾಗ ತಾಜಾ ರಕ್ತ ಒಸರಿದರೆ ಅದು ಬದುಕಿದೆ ಎಂದರ್ಥ. ಬೂದು, ಹಸಿರು ಅಥವಾ ಕಪ್ಪು ಬಣ್ಣದಲ್ಲಿಯೇ ಉಳಿದು, ಬೆರಳಿಗೆ ತೆಳ್ಳಗೆ ಸಿಗುವ ಭಾಗ ಸತ್ತಿರುತ್ತದೆ. ಅದನ್ನು ಅಲ್ಲಿಯೇ ಬಿಟ್ಟು ಹೊಲಿದರೆ ಕೆಲವೇ ದಿನಗಳಲ್ಲಿ ತೂತು ಬೀಳುತ್ತದೆ. ಹೀಗೆ ಸಾಯುವುದು ಹೆಚ್ಚಾಗಿ ಜಠರದ ಹೊರಬಾಗಿನ ದೊಡ್ಡ ಅಂಚು ಮತ್ತು ಅದರ ಮೇಲ್ಭಾಗದ ಚೀಲ, ಏಕೆಂದರೆ ಹರಿದುಹೋಗುವ ಸಣ್ಣ ನಾಳಗಳು ರಕ್ತ ಕೊಡುವುದು ಅಲ್ಲಿಗೇ. ಅನ್ನನಾಳ ಬಂದು ಸೇರುವ ಜಾಗದವರೆಗೂ ಗೋಡೆ ಸತ್ತಿದ್ದರೆ ತೆಗೆಯುವುದೇ ಅಸಾಧ್ಯವಾಗಬಹುದು. ಅಂಥ ಸಂದರ್ಭದಲ್ಲಿ ಕೆಲವು ವೈದ್ಯರು ಅರಿವಳಿಕೆಯಲ್ಲಿರುವಾಗಲೇ ನಾಯಿಯನ್ನು ದಯಾಮರಣಕ್ಕೆ ಒಪ್ಪಿಸಲು ಮನೆಯವರಿಗೆ ಕರೆ ಮಾಡಿ ಕೇಳುತ್ತಾರೆ. ಆ ಕರೆ ಬರಬಹುದೆಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಗುಲ್ಮವು ಜಠರಕ್ಕೆ ಅಂಟಿಕೊಂಡೇ ಇರುವುದರಿಂದ ಅದೂ ಜೊತೆಗೇ ತಿರುಗುತ್ತದೆ. ಅದರ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಹರಿದು ಸೋರುತ್ತಿದ್ದರೆ ತೆಗೆಯಲೇಬೇಕು. ಬರಿದೇ ಊದಿಕೊಂಡಿದ್ದರೆ ತಿರುಚು ಬಿಡಿಸಿದ ಮೇಲೆ ತಾನಾಗಿ ಸರಿಹೋಗುತ್ತದೆ.

ಆಯುಷ್ಯದ ವಿಚಾರದಲ್ಲಿ ನೀವು ಚಿಂತಿಸಬೇಕಾಗಿಲ್ಲ. ಜಠರದ ಉಳಿದ ಭಾಗ ಹಿಗ್ಗುವ ಗುಣವುಳ್ಳದ್ದು. ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಹೊತ್ತು ಕೊಟ್ಟರೆ ಅದು ಹೊಂದಿಕೊಳ್ಳುತ್ತದೆ. ಗುಲ್ಮವಿಲ್ಲದೆಯೂ ನಾಯಿ ಸಹಜವಾಗಿ ಬಾಳುತ್ತದೆ, ಒಂದು ಎಚ್ಚರಿಕೆಯೊಂದಿಗೆ: ಉಣ್ಣೆಗಳಿಂದ ಹರಡುವ ಬಬೀಸಿಯಾದಂಥ ರಕ್ತದ ಪರೋಪಜೀವಿಗಳನ್ನು ಸೋಸಿ ತೆಗೆಯುವಲ್ಲಿ ಗುಲ್ಮದ ಪಾತ್ರ ದೊಡ್ಡದು. ಅದಿಲ್ಲದ ನಾಯಿಗೆ ಉಣ್ಣೆಜ್ವರ ಬಂದರೆ ಬೇಗ ವಿಷಮಿಸಬಹುದು. ಆದ್ದರಿಂದ ಉಣ್ಣೆ ನಿವಾರಕವನ್ನು ವರ್ಷವಿಡೀ ತಪ್ಪದೆ ಬಳಸಿ. ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ಗುಲ್ಮ ತೆಗೆದಿರುವ ಸಂಗತಿಯನ್ನು ಮೊದಲೇ ತಿಳಿಸಿ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ಹೇಳಿದ ವೈದ್ಯರೇ ಮರುದಿನ ಹೃದಯದ ಬಡಿತ ತಪ್ಪುತ್ತಿದೆಯೆಂದು ಮತ್ತೆ ಎರಡು ದಿನ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡರು. ನಮ್ಮ ನಾಯಿಗೆ ಹಿಂದೆಂದೂ ಹೃದಯದ ತೊಂದರೆ ಇರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲೇನಾದರೂ ಎಡವಟ್ಟಾಯಿತೇ?

ಉತ್ತರ: ಎಡವಟ್ಟಾಗಿರಬೇಕೆಂದೇನಿಲ್ಲ, ಇದು ಈ ಕಾಯಿಲೆಯದೇ ಒಂದು ಹಂತ. ಜಠರ ತಿರುಚಿದ ನಾಯಿಗಳಲ್ಲಿ ಸುಮಾರು ಶೇ. 40ರಷ್ಟಕ್ಕೆ ಹೃದಯದ ಲಯ ತಪ್ಪುತ್ತದೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅಲ್ಲ, ಎಲ್ಲ ಮುಗಿಯಿತೆಂದು ನಾವು ಉಸಿರುಬಿಡುವ ಹೊತ್ತಿನಲ್ಲಿ, ಎಂದರೆ ಮೊದಲ 12ರಿಂದ 36 ಗಂಟೆಗಳೊಳಗೆ.

ಕಾರಣ ಒಂದಲ್ಲ. ರಕ್ತದೊತ್ತಡ ಕುಸಿದ ಅವಧಿಯಲ್ಲಿ ಹೃದಯದ ಸ್ನಾಯುವಿಗೂ ಆಮ್ಲಜನಕದ ಕೊರತೆಯಾಗಿರುತ್ತದೆ. ತಿರುಚನ್ನು ಬಿಡಿಸಿದಾಗ, ಅದುವರೆಗೆ ರಕ್ತವಿಲ್ಲದೆ ನರಳಿದ್ದ ಅಂಗಾಂಶಗಳಲ್ಲಿ ಸೇರಿಕೊಂಡಿದ್ದ ವಿಷಕಾರಕ ಪದಾರ್ಥಗಳು ಒಮ್ಮೆಲೇ ರಕ್ತಕ್ಕೆ ಇಳಿಯುತ್ತವೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಏರುಪೇರಾಗಿರುತ್ತವೆ. ನೋವೂ ಸೇರಿಕೊಳ್ಳುತ್ತದೆ. ಇವೆಲ್ಲದರ ಒಟ್ಟು ಪರಿಣಾಮವಾಗಿ ಹೃದಯದ ಕೆಳಕೋಣೆಗಳು ತಮ್ಮ ಸರದಿ ಬರುವ ಮೊದಲೇ ಬಡಿಯತೊಡಗುತ್ತವೆ.

ಇಂಥ ಬಡಿತ ಕಂಡಾಕ್ಷಣ ಔಷಧ ಕೊಡಬೇಕೆಂದಿಲ್ಲ. ಅಲ್ಲೊಂದು ಇಲ್ಲೊಂದು ಬಡಿತ ತಪ್ಪಿದರೆ ಇ.ಸಿ.ಜಿ.ಯಲ್ಲಿ ನೋಡುತ್ತ, ನೋವು, ದ್ರವದ ಕೊರತೆ ಮತ್ತು ಲವಣಗಳ ಏರುಪೇರನ್ನು ಸರಿಪಡಿಸಿದರೆ ಸಾಕಾಗುತ್ತದೆ. ತಪ್ಪು ಬಡಿತಗಳು ಸಾಲುಸಾಲಾಗಿ ಅತಿ ವೇಗದಲ್ಲಿ ಬಂದು ನಾಡಿ ಕ್ಷೀಣಿಸಿದಾಗ ಅಥವಾ ರಕ್ತದೊತ್ತಡ ಇಳಿದಾಗ ಲಿಡೊಕೇನ್ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಬಹುಪಾಲು ನಾಯಿಗಳಲ್ಲಿ ಎರಡರಿಂದ ನಾಲ್ಕು ದಿನಗಳೊಳಗೆ ಲಯ ತಾನಾಗಿ ಸರಿಹೋಗುತ್ತದೆ, ಆಮೇಲೆ ಹೃದಯದ ಔಷಧ ಬೇಕಾಗುವುದಿಲ್ಲ.

ಆ ದಿನಗಳಲ್ಲಿ ನೋಡಬೇಕಾದದ್ದು ಹೃದಯವೊಂದೇ ಅಲ್ಲ. ಓಕರಿಸುವಾಗ ಜೊಲ್ಲು ಶ್ವಾಸಕೋಶಕ್ಕೆ ಇಳಿದಿದ್ದರೆ ನ್ಯುಮೋನಿಯಾ ಬರಬಹುದು. ರಕ್ತದ ಪೂರೈಕೆ ಕುಸಿದಿದ್ದರಿಂದ ಮೂತ್ರಪಿಂಡಗಳು ದಣಿದಿರಬಹುದು. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡಬಹುದು. ರಕ್ತದ ಲ್ಯಾಕ್ಟೇಟ್ ಪ್ರಮಾಣವನ್ನು ಮತ್ತೆ ಮತ್ತೆ ಅಳೆಯುವುದು ಇದಕ್ಕಾಗಿಯೇ. ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ಲ್ಯಾಕ್ಟೇಟ್ ಏರುತ್ತದೆ. ಮೊದಲ ಅಳತೆ ಎಷ್ಟಿತ್ತು ಎಂಬುದಕ್ಕಿಂತ ಚಿಕಿತ್ಸೆ ಆರಂಭವಾದ ಮೇಲೆ ಅದು ಚೆನ್ನಾಗಿ ಇಳಿಯುತ್ತಿದೆಯೇ ಎಂಬುದು ನಾಯಿಯ ಮುಂದಿನ ಗತಿಯನ್ನು ಹೆಚ್ಚು ನಂಬಿಕೆಯಿಂದ ಹೇಳುತ್ತದೆ. ಎರಡು ಮೂರು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು ಕೆಲವರಿಗೆ ಅನಾವಶ್ಯಕವೆನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಶಸ್ತ್ರಚಿಕಿತ್ಸೆಯಷ್ಟೇ ತೂಕದ ಕೆಲಸ ಈ ದಿನಗಳಲ್ಲಿ ನಡೆಯುತ್ತದೆ, ಮತ್ತು ರಾತ್ರಿಯಿಡೀ ನೋಡಿಕೊಳ್ಳುವ ಸಿಬ್ಬಂದಿ ಇರುವ ಕಡೆಯಲ್ಲಿಯೇ ಅದು ನಡೆಯಬೇಕು.

ಪ್ರಶ್ನೆ: ನಾಯಿಯನ್ನು ಮನೆಗೆ ಕರೆತಂದಿದ್ದೇವೆ. ಆಹಾರ, ಓಡಾಟ, ಹೊಲಿಗೆಯ ಆರೈಕೆ ಹೇಗಿರಬೇಕು? ನೋವಿಗೆ ಮನೆಯಲ್ಲಿರುವ ಮಾತ್ರೆ ಕೊಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕೊಡಬೇಡಿ. ಐಬುಪ್ರೊಫೇನ್‌ನಂಥ ಮನುಷ್ಯರ ಮಾತ್ರೆಗಳು ಆರೋಗ್ಯವಂತ ನಾಯಿಗೇ ವಿಷ. ನಾಯಿಗಳಿಗೆಂದೇ ಇರುವ ಕೀಲುನೋವಿನ ಮಾತ್ರೆಗಳು ಕೂಡ ಈಗಷ್ಟೇ ರಕ್ತದ ಕೊರತೆಯಿಂದ ಪಾರಾದ ಜಠರದ ಒಳಪದರವನ್ನೂ ಮೂತ್ರಪಿಂಡಗಳನ್ನೂ ಕೆಡಿಸಬಲ್ಲವು. ನಿಮ್ಮ ವೈದ್ಯರು ಬೇರೆ ಜಾತಿಯ ನೋವುನಿವಾರಕವನ್ನು ಕೊಟ್ಟಿರುತ್ತಾರೆ. ಅದು ಸಾಲದೆನಿಸಿದರೆ ಅವರನ್ನೇ ಕೇಳಿ.

ಆಹಾರವನ್ನು ಹೆಚ್ಚು ದಿನ ನಿಲ್ಲಿಸುವ ಹಳೆಯ ಪದ್ಧತಿ ಈಗಿಲ್ಲ. ವಾಂತಿಯಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯಾದ 12ರಿಂದ 24 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ಸ್ವಲ್ಪ ನೀರು, ಬಳಿಕ ಮೆತ್ತಗಿನ, ಜಿಡ್ಡು ಕಡಿಮೆಯಿರುವ ಆಹಾರವನ್ನು ತುಸುತುಸುವಾಗಿ ಕೊಡಲಾರಂಭಿಸುತ್ತಾರೆ. ಮನೆಯಲ್ಲಿಯೂ ಅದೇ ಕ್ರಮ ಮುಂದುವರಿಯಲಿ: ದಿನದ ಆಹಾರವನ್ನು ನಾಲ್ಕೈದು ಪಾಲು ಮಾಡಿ, ಕೆಲವು ದಿನಗಳ ಅವಧಿಯಲ್ಲಿ ನಿಧಾನವಾಗಿ ಎಂದಿನ ಆಹಾರಕ್ಕೆ ಹೊಂದಿಸಿ. ನೀರನ್ನೂ ಒಮ್ಮೆಗೇ ಬಟ್ಟಲು ತುಂಬ ಇಡದೆ ಆಗಾಗ ಸ್ವಲ್ಪ ಸ್ವಲ್ಪ ಇಡಿ.

ಕನಿಷ್ಠ ಎರಡು ವಾರ ನಾಯಿ ಓಡಬಾರದು, ನೆಗೆಯಬಾರದು, ಮೆಟ್ಟಿಲು ಹತ್ತಬಾರದು. ಮಲಮೂತ್ರಕ್ಕೆ ಹಗ್ಗ ಹಿಡಿದೇ ಕರೆದೊಯ್ಯಿರಿ. ಹೊರಗಿನ ಹೊಲಿಗೆ 10ರಿಂದ 14 ದಿನಗಳಲ್ಲಿ ಕೂಡಿಕೊಂಡು ಬಿಚ್ಚುವ ಹಂತಕ್ಕೆ ಬಂದರೂ ಒಳಗೆ ಮತ್ತೆ ತಿರುಚದಂತೆ ಹೊಟ್ಟೆಯ ಗೋಡೆಗೆ ಅಂಟಿಸಿ ಹೊಲಿದಿರುವ ಜಠರದ ಬೆಸುಗೆ ಗಟ್ಟಿಯಾಗಲು ಇನ್ನೂ ಸಮಯ ಬೇಕು. ಹೀಗಾಗಿ ಓಡಾಟವನ್ನು ತಿಂಗಳ ಹೊತ್ತಿಗೆ ಹಂತಹಂತವಾಗಿ ಎಂದಿನ ಮಟ್ಟಕ್ಕೆ ತನ್ನಿ. ಗಾಯವನ್ನು ನೆಕ್ಕದಂತೆ ಕುತ್ತಿಗೆಗೆ ಹಾಕಿದ ಕೊರಳುಪಟ್ಟಿಯನ್ನು ಪಾಪವೆಂದು ರಾತ್ರಿ ತೆಗೆದುಬಿಡುವವರಿದ್ದಾರೆ. ನಾಯಿ ಹೊಲಿಗೆ ಕಿತ್ತುಕೊಳ್ಳುವುದು ಸಾಮಾನ್ಯವಾಗಿ ಯಾರೂ ನೋಡುತ್ತಿಲ್ಲದ ಆ ಹೊತ್ತಿನಲ್ಲಿಯೇ.

ಜಠರದ ಭಾಗ ತೆಗೆದಿದ್ದರೆ ಮೂರರಿಂದ ಐದನೆಯ ದಿನದವರೆಗೆ ವಿಶೇಷವಾಗಿ ಗಮನಿಸಿ, ಒಳಹೊಲಿಗೆ ಸೋರುವುದಾದರೆ ಹೆಚ್ಚಾಗಿ ಆಗಲೇ. ಚೆನ್ನಾಗಿದ್ದ ನಾಯಿ ಮತ್ತೆ ಮಂಕಾಗುವುದು, ಊಟ ಬಿಡುವುದು, ಜ್ವರ, ಹೊಟ್ಟೆ ಮುಟ್ಟಿದರೆ ನರಳುವುದು, ಪದೇ ಪದೇ ವಾಂತಿ, ಒಸಡು ಬಿಳಿಚುವುದು, ಕೆಮ್ಮಿನೊಂದಿಗೆ ವೇಗದ ಉಸಿರಾಟ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಮರುದಿನದ ಭೇಟಿಗೆ ಕಾಯದೆ ಕೂಡಲೇ ಕರೆದೊಯ್ಯಿರಿ.

ಪ್ರಶ್ನೆ: ಒಮ್ಮೆ ತಿರುಚಿದ ಜಠರ ಮತ್ತೆ ತಿರುಚುವುದೇ? ನಮ್ಮ ನಾಯಿಗೆ ಜಠರವನ್ನು ಹೊಲಿದು ಭದ್ರಪಡಿಸಿದ್ದಾರೆ. ಆದರೂ ಮೊನ್ನೆ ಹೊಟ್ಟೆ ಉಬ್ಬಿ ಗಾಬರಿಯಾಯಿತು.

ಉತ್ತರ: ತಿರುಚನ್ನು ಬಿಡಿಸಿ ಹಾಗೆಯೇ ಹೊಟ್ಟೆ ಮುಚ್ಚಿದ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಅದು ಮರುಕಳಿಸುತ್ತದೆ. ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದರೆ ಮರುಕಳಿಸುವ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಇದನ್ನು ಗ್ಯಾಸ್ಟ್ರೋಪೆಕ್ಸಿ ಎನ್ನುತ್ತಾರೆ. ಜಠರ ಕರುಳಿಗೆ ಸೇರುವ ಕೊನೆಯ ಬಳಿ ಹೊರಪದರದಲ್ಲಿ ಮಾತ್ರ ಕೆಲವು ಸೆಂಟಿಮೀಟರ್ ಉದ್ದದ ಗಾಯ ಮಾಡಿ, ಬಲಗಡೆ ಕೊನೆಯ ಪಕ್ಕೆಲುಬಿನ ಹಿಂದೆ ಹೊಟ್ಟೆಗೋಡೆಯ ಒಳಮೈಯಲ್ಲಿಯೂ ಅಷ್ಟೇ ಉದ್ದದ ಗಾಯ ಮಾಡಿ, ಎರಡರ ಅಂಚುಗಳನ್ನು ಕೂಡಿಸಿ ಹೊಲಿಯುತ್ತಾರೆ. ಹಸಿ ಗಾಯಗಳೆರಡು ಮಾಯುವಾಗ ಒಂದಾಗಿ ಶಾಶ್ವತ ಬೆಸುಗೆ ಬೀಳುತ್ತದೆ. ಗಾಯ ಮಾಡದೆ ಬರಿಯ ದಾರದಿಂದ ಕಟ್ಟಿದರೆ ಈ ಬೆಸುಗೆ ಬೀಳುವುದೆಂಬ ಭರವಸೆಯಿಲ್ಲ.

ಈ ಹೊಲಿಗೆ ತಡೆಯುವುದು ತಿರುಚನ್ನು, ಉಬ್ಬರವನ್ನಲ್ಲ. ನಿಮ್ಮ ನಾಯಿಗೆ ಆಗಿರುವುದು ಬರಿಯ ಉಬ್ಬರವಾಗಿರುವ ಸಾಧ್ಯತೆ ಹೆಚ್ಚು. ಆದರೂ ಅದನ್ನು ಎಕ್ಸ್‌ರೇ ನೋಡಿಯೇ ನಿಶ್ಚಯಿಸಬೇಕು, ಮತ್ತು ತೀವ್ರ ಉಬ್ಬರ ತಿರುಚಿಲ್ಲದೆಯೂ ರಕ್ತನಾಳಗಳನ್ನು ಒತ್ತಬಲ್ಲುದಾದ್ದರಿಂದ ಹೊಲಿಗೆಯಿದೆಯೆಂಬ ಧೈರ್ಯದಲ್ಲಿ ಮನೆಯಲ್ಲಿ ಕಾಯುವುದು ತರವಲ್ಲ.

ಪ್ರಶ್ನೆ: ಗ್ರೇಟ್ ಡೇನ್ ಮರಿ ತಂದಿದ್ದೇವೆ. ರೋಗವೇ ಬಾರದ ನಾಯಿಗೆ ಮುನ್ನೆಚ್ಚರಿಕೆಯ ಶಸ್ತ್ರಚಿಕಿತ್ಸೆ ಮಾಡಿಸುವುದು ಅತಿಯಾಗುವುದಿಲ್ಲವೇ?

ಉತ್ತರ: ಬೇರೆ ತಳಿಯಾಗಿದ್ದರೆ ಯೋಚಿಸಿ ಎನ್ನುತ್ತಿದ್ದೆ, ಗ್ರೇಟ್ ಡೇನ್‌ಗೆ ಮಾಡಿಸಿ ಎನ್ನುತ್ತೇನೆ. ಎದೆಗೂಡು ಆಳವಾಗಿಯೂ ಕಿರಿದಾಗಿಯೂ ಇರುವ ದೊಡ್ಡ ತಳಿಗಳಿಗೆ ಈ ಅಪಾಯ ಹೆಚ್ಚು, ಅವುಗಳಲ್ಲಿಯೂ ಗ್ರೇಟ್ ಡೇನ್ ಮುಂದಿನ ಸಾಲಿನಲ್ಲಿದೆ. ಸೇಂಟ್ ಬರ್ನಾರ್ಡ್, ವೈಮರಾನರ್, ಐರಿಶ್ ಸೆಟ್ಟರ್, ಸ್ಟ್ಯಾಂಡರ್ಡ್ ಪೂಡಲ್ ಮುಂತಾದವು ನಂತರ ಬರುತ್ತವೆ. ತಾಯಿ, ತಂದೆ ಅಥವಾ ಒಡಹುಟ್ಟಿದ ಮರಿಗಳಲ್ಲಿ ಯಾವುದಕ್ಕಾದರೂ ಈ ಕಾಯಿಲೆ ಬಂದಿದ್ದರೆ ಅಪಾಯ ಮತ್ತಷ್ಟು ಏರುತ್ತದೆ. ಮರಿ ಕೊಟ್ಟವರನ್ನು ಈ ಬಗ್ಗೆ ಈಗಲೇ ವಿಚಾರಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದಿದ್ದರೆ ಅದೇ ಅರಿವಳಿಕೆಯಲ್ಲಿ ಇದನ್ನೂ ಮುಗಿಸಬಹುದು, ಲ್ಯಾಪ್ರೊಸ್ಕೋಪ್ ಇರುವೆಡೆ ಚಿಕ್ಕ ತೂತುಗಳ ಮೂಲಕವೇ ಆಗುತ್ತದೆ. ಯಾವ ವಯಸ್ಸಿಗೆ ಎಂಬುದನ್ನು ಮರಿಯ ಬೆಳವಣಿಗೆ ನೋಡಿ ವೈದ್ಯರು ನಿರ್ಧರಿಸಲಿ. ಆರೋಗ್ಯವಾಗಿರುವ ನಾಯಿಗೆ ಹಗಲು ಹೊತ್ತಿನಲ್ಲಿ ಸಾವಧಾನವಾಗಿ ಹಾಕುವ ಹೊಲಿಗೆಯನ್ನೂ ಆಘಾತದಲ್ಲಿರುವ ನಾಯಿಗೆ ನಡುರಾತ್ರಿ ಹಾಕುವ ಹೊಲಿಗೆಯನ್ನೂ ಹೋಲಿಸಲಾಗದು.

ಪ್ರಶ್ನೆ: ನಮ್ಮ ನಾಯಿಗೆ ಹನ್ನೊಂದು ವರ್ಷ. ಈ ವಯಸ್ಸಿನಲ್ಲಿ ಜಠರ ತಿರುಚಿದರೆ ಶಸ್ತ್ರಚಿಕಿತ್ಸೆ ಮಾಡಿಸುವುದರಲ್ಲಿ ಅರ್ಥವಿದೆಯೇ?

ಉತ್ತರ: ವಯಸ್ಸೊಂದನ್ನೇ ನೋಡಿ ಬೇಡವೆನ್ನಲಾರೆ. ಶಸ್ತ್ರಚಿಕಿತ್ಸೆಗೆ ಒಳಗಾದ ನಾಯಿಗಳಲ್ಲಿ ಒಟ್ಟಾರೆ ಶೇ. 75ರಿಂದ 90ರಷ್ಟು ಬದುಕಿ ಮನೆಗೆ ಮರಳುತ್ತವೆ. ಜಠರದ ಗೋಡೆ ಸತ್ತಿದ್ದರೆ ಈ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಲಕ್ಷಣ ಶುರುವಾಗಿ ಎಷ್ಟು ಹೊತ್ತಾಯಿತು, ಆಸ್ಪತ್ರೆಗೆ ಬಂದಾಗ ನಾಯಿ ನಡೆದು ಬಂತೇ ಅಥವಾ ಎತ್ತಿ ತರಬೇಕಾಯಿತೇ, ಹೃದಯ ಮತ್ತು ಮೂತ್ರಪಿಂಡಗಳು ಮೊದಲು ಹೇಗಿದ್ದವು ಎಂಬುದೆಲ್ಲ ವಯಸ್ಸಿಗಿಂತ ಹೆಚ್ಚು ಹೇಳುತ್ತದೆ. ಮಾಡಿಸುವುದು ಬೇಡವೆಂದು ನಿರ್ಧರಿಸುವ ಹಕ್ಕು ನಿಮಗಿದೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಹಾಗೆ ನಿರ್ಧರಿಸಿದ ಮೇಲೆ ಉಳಿಯುವ ಮಾನವೀಯ ದಾರಿ ದಯಾಮರಣ ಮಾತ್ರ. ತಿರುಚಿದ ಜಠರದೊಂದಿಗೆ ನಾಯಿಯನ್ನು ಮನೆಗೆ ಕರೆದೊಯ್ದು ನೋಡುತ್ತ ಕೂರುವುದು ಅದಕ್ಕೆ ಕೊಡುವ ಹಿಂಸೆ.

ಪ್ರಶ್ನೆ: ಊಟದ ಬಟ್ಟಲನ್ನು ಎತ್ತರದ ಪೀಠದ ಮೇಲಿಟ್ಟರೆ ಗಾಳಿ ನುಂಗುವುದು ತಪ್ಪುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಹಿಂದೆ ಹಾಗೆ ಸಲಹೆ ಕೊಡುತ್ತಿದ್ದುದು ನಿಜ. 2000ದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ದೊಡ್ಡ ತಳಿಗಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದುದು ಕಂಡುಬಂತು: ಎತ್ತರದ ಬಟ್ಟಲಿನಲ್ಲಿ ತಿನ್ನುವ ನಾಯಿಗಳಲ್ಲಿ ಅಪಾಯ ಹೆಚ್ಚಿತ್ತು. ಗಬಗಬನೆ ತಿನ್ನುವ ನಾಯಿಗಳಲ್ಲಿಯೂ ಹೆಚ್ಚಿತ್ತು. ಬಟ್ಟಲಿನ ಎತ್ತರದ ಬಗ್ಗೆ ಇನ್ನೂ ಚರ್ಚೆಯಿದೆಯಾದರೂ ಕತ್ತಿನ ನೋವು ಅಥವಾ ಅನ್ನನಾಳದ ಕಾಯಿಲೆಗಾಗಿ ವೈದ್ಯರು ಹೇಳಿದ್ದರ ಹೊರತು ನೆಲದ ಮೇಲಿಡುವುದೇ ಲೇಸು. ದಿನಕ್ಕೊಂದೇ ದೊಡ್ಡ ಊಟದ ಬದಲು ಎರಡು ಮೂರು ಹೊತ್ತು ಕೊಡಿ. ಆತುರಗಾರ ನಾಯಿಗೆ ಒಳಗೆ ಉಬ್ಬುತಗ್ಗುಗಳಿರುವ ಬಟ್ಟಲು ಕೊಳ್ಳಿ. ಮನೆಯಲ್ಲಿ ಎರಡು ನಾಯಿಗಳಿದ್ದು ಪೈಪೋಟಿಯಿಂದ ತಿನ್ನುತ್ತಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಊಟಕ್ಕಿಡಿ.